ಎಸಿ ಆಮ್ಯಾಲ ತರ್ರಿ, ಮೊದಲ ಮಾಳಿಗಿ ನೋಡ್ರಿ

ನಮ್ಮ ವಿಜಯಪುರದಾಗ ಏಪ್ರಿಲ್ ತಿಂಗಳದಾಗ ರಾತ್ರಿ ಒಂಬತ್ತಕ್ಕ ಮಾಳಿಗಿ ಮ್ಯಾಲ ಬರಿಗಾಲಿಲೆ ನಿಂತು ನೋಡ್ರಿ. ಒಲಿ ಆರಿಸಿದ ಮ್ಯಾಲೂ ಹಂಚು ಬೆಚ್ಚಗ ಇರತದಲ್ಲ, ಹಂಗ ಇರತದ. ಆ ಶಾಖ ಎಲ್ಲಾ ನಡುರಾತ್ರಿತನಕ ಕೆಳಗ ಮಲಗಿದವರ ಮ್ಯಾಲ ಇಳಿತದ.

ಹೋದ ವರ್ಷ ನಮ್ಮ ಯಜಮಾನ್ರು ಇದಕ್ಕ ಒಂದ ಔಷಧ ಹೇಳಿದ್ರು: ಒಂದು ಟನ್ನಿನ ಎಸಿ ಸಾಲೂದಿಲ್ಲ, ಒಂದೂವರಿ ಟನ್ನಿಂದು ತರೋಣ. ನಾ ಬ್ಯಾಡ ಅಂದೆ. ಎಸಿ ಬಂತು, ಬಿಲ್ಲೂ ಬಂತು. ಮಲಗೂ ಖೋಲಿ ತಂಪಾತು. ನಾ ರೊಟ್ಟಿ ಬಡಿಯೂ ಅಡಗಿಮನಿ, ಅತ್ತಿಯವರು ಕೂಡೂ ಪಡಸಾಲಿ ಇದ್ದಂಗ ಇದ್ದವು. ಎಸಿ ಒಂದು ಖೋಲಿದು, ಮಾಳಿಗಿ ಇಡೀ ಮನಿದು. ನನ್ನ ಜಗಳ ಇಷ್ಟ.

ನನ್ನ ತವರಮನಿಗೆ ತೊಲಿ, ಜಂತಿ, ಅದರ ಮ್ಯಾಲ ಗೇಣುದ್ದ ಮಣ್ಣು ಇತ್ತು. ಮಧ್ಯಾಹ್ನ ಒಳಗ ತಂಪು. ಮತ್ತ ಅಂಥಾ ಮನಿ ಕಟ್ರಿ ಅನ್ನಂಗಿಲ್ಲ ನಾ. ಮಳಿಗಾಲದ ಮುಂದ ಮಾಳಿಗಿಗೆ ಮಣ್ಣು ಹಾಕೂ ಕಷ್ಟ ನಮ್ಮವ್ವಗ ಗೊತ್ತು. ಆದ್ರ ಮಣ್ಣು ತಗದು ಐದಿಂಚು ಕಾಂಕ್ರೀಟ್ ಹಾಕಿದಾಗ, ಮಣ್ಣು ಮಾಡೂ ಕೆಲಸಾ ಇನ್ಯಾರು ಮಾಡ್ತಾರ ಅಂತ ಯಾರೂ ಕೇಳಲಿಲ್ಲ.

ಆ ಕೆಲಸಕ್ಕ ಈಗ ಗಟ್ಟಿ ಫೋಮಿನ ಹಲಗಿ ಸಿಗತಾವ. ಎಷ್ಟು ದಪ್ಪ ಹಾಕಬೇಕು? ಬರೇ ಸ್ಲ್ಯಾಬಿನಿಂದ 100 ಪಾಲು ಶಾಖ ಇಳಿತದ ಅಂತ ಇಟ್ಕೊಳ್ರಿ. ಒಂದಿಂಚು ಹಾಸಿದ್ರ ಸುಮಾರು 28ಕ್ಕ ಬರತದ. ಎರಡಿಂಚಿಗೆ 16, ಮೂರಿಂಚಿಗೆ 12, ನಾಕಿಂಚಿಗೆ 9. ಅಂದ್ರ ಮೊದಲನೇ ಇಂಚು ದುಡಿದಷ್ಟು ಉಳಿದ ಮೂರೂ ಕೂಡಿ ದುಡಿಯೂದಿಲ್ಲ. ‘ಏನೂ ಬ್ಯಾಡ್ರಿ’ ಅನ್ನೂ ಕಂತ್ರಾಟದಾರನ ಮಾತೂ ಕೇಳಬ್ಯಾಡ್ರಿ, ‘ನಾಕಿಂಚು ಹಾಕ್ರಿ’ ಅನ್ನೂ ಅಂಗಡಿಯವನ ಮಾತೂ ಕೇಳಬ್ಯಾಡ್ರಿ. ನಮ್ಮ ಬಿಸಲಿಗೆ ಒಂದರಿಂದ ಎರಡಿಂಚು ಸಾಕು. ಹಲಗಿ ಸ್ಲ್ಯಾಬಿನ ಮ್ಯಾಲ ಬೀಳಬೇಕು. ಕೆಳಗ ಹಚ್ಚಿದ್ರ ಕಾಂಕ್ರೀಟ್ ಕಾಯೂದು ತಪ್ಪೂದಿಲ್ಲ. ಅದರ ಮ್ಯಾಲ ಬಿಳಿ ಹಂಚಿನ ಚೂರು ಕೂಡಿಸಿದ್ರ ಬಿಸಲು ಅಲ್ಲೇ ವಾಪಸ್ ಹೋಗತದ.

ಇದೇನು ನನ್ನ ಹುಚ್ಚಲ್ಲ. ಕೇಂದ್ರ ಸರ್ಕಾರ 2018ರಾಗ ತಂದ ಇಕೋ-ನಿವಾಸ ಸಂಹಿತೆಯಲ್ಲಿ ಮಾಳಿಗಿಯಿಂದ ಶಾಖ ಸೋರೂ ಅಳತಿ 1.2 ದಾಟಬಾರದು ಅಂತ ಇತ್ತು. ಬರೇ ಸ್ಲ್ಯಾಬಿಂದು ಸುಮಾರು 3.5, ಒಂದಿಂಚು ಹಲಗಿ ಹಾಕಿದ್ರ 1ರ ಹತ್ರ ಬರತದ. ಆದ್ರ 2018ರ ಆ ನಿಯಮ 500 ಚದರ ಮೀಟರಿಗಿಂತ ಸಣ್ಣ ಜಾಗಾಕ್ಕ ಹತ್ತತಿದ್ದಿಲ್ಲ. ನಮ್ಮ 30-40ರ ಸೈಟು ಬರೇ 111 ಚದರ ಮೀಟರ್. ದೊಡ್ಡವರ ಮನಿಗೆ ಕಾಯ್ದೆ, ನಮ್ಮಂಥವರಿಗೆ ಎಸಿ ಕಂತು!

ಅದಕ್ಕ ಮನಿ ಕಟ್ಟೂ ಅಕ್ಕಾರಿಗೆ ಹೇಳತೀನಿ: ಹಾಲ್‌ನ ಪಿಒಪಿ ಹೂವಿನ ರೊಕ್ಕಾ ಮೊದಲ ಮಾಳಿಗಿಗೆ ಹಾಕ್ರಿ. ನಮ್ಮನ್ಯಾಗಂತೂ ಈ ಬ್ಯಾಸಿಗಿ ಒಳಗ ಹಲಗಿ ಬೀಳಬೇಕು. ಇಲ್ಲಾಂದ್ರ ರೊಟ್ಟಿ ಎಸಿ ಖೋಲ್ಯಾಗ ಬಡಿತೀನಿ ಅಂತ ಹೇಳೀನಿ.