ಎದೆಹಾಲನ್ನು ದೂರುವುದೇಕೆ?

ಊರಿನಲ್ಲಿರುವ ಕೂಸು ಬಿಳಿಚಿಕೊಂಡಿದೆ, ತಾಯಿಯ ಹಾಲಿನಲ್ಲಿ ಸತ್ತ್ವವಿಲ್ಲವಂತೆ ಎಂಬ ಸುದ್ದಿ ಬಂದೊಡನೆ, ಸಂಬಳದಲ್ಲಿ ಮುಂಗಡ ಪಡೆದಾದರೂ ಹಾಲಿನ ಪುಡಿಯ ಡಬ್ಬಿಗೆ ಹಣ ಕಳುಹಿಸುವ ನಮ್ಮ ಹೋಟೆಲು ಬಂಧುಗಳ ಮತ್ತು ಗುಮಾಸ್ತರ ವಾತ್ಸಲ್ಯವನ್ನು ನಾವು ಬಲ್ಲೆವು. ಆದರೆ ಆ ಹಣ ಸಲ್ಲಬೇಕಾದಲ್ಲಿಗೆ ಸಲ್ಲುತ್ತಿಲ್ಲವೆಂದು ಹೇಳದೆ ವಿಧಿಯಿಲ್ಲ.

ತಾಯಿಯ ಹಾಲಿನಲ್ಲಿ ಕಬ್ಬಿಣಾಂಶ ಅತ್ಯಲ್ಪವೆಂಬುದು ಸುಳ್ಳಲ್ಲ; ಲೀಟರೊಂದಕ್ಕೆ ಅರ್ಧ ಮಿಲಿಗ್ರಾಮಿಗೂ ಕಡಿಮೆ. ಆದರೆ ಅದು ಹಾಲಿನ ದೋಷವಲ್ಲ. ದಿನ ತುಂಬಿ ಹುಟ್ಟಿದ ಶಿಶು ಮೊದಲ ನಾಲ್ಕಾರು ತಿಂಗಳಿಗೆ ಸಾಲುವಷ್ಟು ಕಬ್ಬಿಣದ ಬುತ್ತಿಯನ್ನು ಗರ್ಭದಿಂದಲೇ ಕಟ್ಟಿಕೊಂಡು ಬರುತ್ತದೆ; ಹಾಲಿನಲ್ಲಿರುವ ಅಲ್ಪವೂ ಚೆನ್ನಾಗಿ ಮೈಗೆ ಹತ್ತುತ್ತದೆ. ಬುತ್ತಿ ತುಂಬಿರಬೇಕಾದರೆ ಬಸುರಿ ತಾಯಿ ಕಬ್ಬಿಣದ ಗುಳಿಗೆಗಳನ್ನು ತಪ್ಪದೆ ಸೇವಿಸಿರಬೇಕು. ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯನ್ನು ಅವಸರದಿಂದ ಕತ್ತರಿಸದೆ ಒಂದು ನಿಮಿಷವಾದರೂ ತಡೆದರೆ ಇನ್ನಷ್ಟು ರಕ್ತ ಕೂಸಿಗೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ಆ ಒಂದು ನಿಮಿಷಕ್ಕೆ ಯಾವ ಆಸ್ಪತ್ರೆಯೂ ಬಿಲ್ಲು ಹಾಕುವುದಿಲ್ಲ!

ಆರು ತಿಂಗಳಾಗುವಷ್ಟರಲ್ಲಿ ಬುತ್ತಿ ಬರಿದಾಗುತ್ತದೆ. ನಮ್ಮವರು ಎಡವುವುದು ಇಲ್ಲಿಯೇ. ಅನ್ನಪ್ರಾಶನವನ್ನು ಸಡಗರದಿಂದ ಮಾಡುವರು; ಮರುದಿನದಿಂದ ಮತ್ತೆ ಬರಿಯ ಹಾಲು, ಗಂಜಿತಿಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿ ರಕ್ತಹೀನರೆಂದು ಕಂಡುಬಂದಿತು. ಕಬ್ಬಿಣದ ಕೊರತೆಯೊಂದೇ ಇದಕ್ಕೆ ಕಾರಣವಲ್ಲ, ಆದರೆ ದೊಡ್ಡ ಕಾರಣ. ಮಿದುಳು ಬೆಳೆಯುವ ವಯಸ್ಸಿನಲ್ಲಾದ ನಷ್ಟವನ್ನು ಮುಂದೆ ಎಷ್ಟು ಶಾಲಾ ಶುಲ್ಕ ತೆತ್ತರೂ ತುಂಬಿಕೊಳ್ಳುವುದು ಕಷ್ಟ.

ಆಕಳ ಹಾಲು ಇದಕ್ಕೆ ಮದ್ದಲ್ಲ. ಅದರಲ್ಲಿಯೂ ಕಬ್ಬಿಣ ಅತ್ಯಲ್ಪ. ಮೇಲಾಗಿ ವರ್ಷ ತುಂಬದ ಕೂಸಿನ ಕರುಳಿನಲ್ಲಿ ಕಣ್ಣಿಗೆ ಕಾಣದಂತೆ ರಕ್ತ ಒಸರಿಸಬಲ್ಲದು. ಡಬ್ಬಿಯ ಪುಡಿಗೆ ಕಬ್ಬಿಣ ಬೆರೆಸಿರುವುದು ನಿಜ. ಆದರೆ ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಹೆಚ್ಚಿಸಿ ಕುಡಿಸಿದರೆ ಏನು ಉಳಿಯಿತು? ಚಹದಲ್ಲಿ ಅದ್ದಿದ ಬಿಸ್ಕತ್ತನ್ನು ಕೂಸಿನ ಬಾಯಿಗಿಡುವ ರೂಢಿಯಂತೂ (ಚಹದಿಂದಲೇ ಹೊಟ್ಟೆ ಹೊರೆಯುವ ನಮ್ಮವರ ಮುಂದೆ ಹೇಳಬೇಕಾಗಿ ಬಂದಿದೆ) ನಿಲ್ಲಲೇಬೇಕು. ಚಹದ ಒಗರು ಆಹಾರದ ಕಬ್ಬಿಣವನ್ನು ಮೈಗೆ ಹತ್ತಗೊಡದು.

ಎದೆಹಾಲು ಎರಡು ವರ್ಷದವರೆಗೂ ಮುಂದುವರಿಯಲಿ. ಅದರ ಜೊತೆಗೆ ಆರು ತಿಂಗಳು ತುಂಬಿದಂದಿನಿಂದ ಪ್ರತಿನಿತ್ಯ ಗಟ್ಟಿ ಆಹಾರ ಬೇಕು. ರಾಗಿಮಣ್ಣಿ ಒಳ್ಳೆಯದೇ, ಮೊಳಕೆ ಬರಿಸಿದ ರಾಗಿಯದಾದರೆ ಇನ್ನೂ ಒಳ್ಳೆಯದು. ಆದರೆ ಅದೊಂದನ್ನೇ ನೆಚ್ಚಲಾಗದು. ನುಣ್ಣಗೆ ಮಸೆದ ಬೇಳೆ, ಹರಿವೆಸೊಪ್ಪು, ಮೇಲೆ ನಾಲ್ಕು ಹನಿ ನಿಂಬೆರಸ. ತಿನ್ನುವ ಮನೆಗಳಲ್ಲಿ ಮುಳ್ಳು ತೆಗೆದ ಮೀನು, ಅರೆದ ಮಾಂಸ. ಡಬ್ಬಿಯ ಹಣ ಇವಕ್ಕೆ ಸಲ್ಲಲಿ.

2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಯೋಜನೆಯಂತೆ ಆರು ತಿಂಗಳು ತುಂಬಿದ ಮಕ್ಕಳಿಗೆ ವಾರಕ್ಕೆರಡು ಬಾರಿ ಒಂದೊಂದು ಮಿಲಿಲೀಟರು ಕಬ್ಬಿಣದ ಸಿರಪ್ಪು ಉಚಿತ. ಊರಿಗೆ ಫೋನು ಮಾಡಿದಾಗ ಆಶಾ ಕಾರ್ಯಕರ್ತೆ ಅದನ್ನು ಕೊಟ್ಟಳೇ ಎಂದು ಕೇಳಬೇಕು. ದಿನ ತುಂಬದೆ ಹುಟ್ಟಿದ ಕೂಸಿಗೆ ಕಬ್ಬಿಣ ಇನ್ನೂ ಮೊದಲೇ ಬೇಕಾಗುವುದರಿಂದ ವೈದ್ಯರನ್ನು ವಿಚಾರಿಸತಕ್ಕದ್ದು. ಸಿರಪ್ಪು ಕುಡಿದ ಮಗುವಿನ ಮಲ ಕಪ್ಪಾಗುವುದುಂಟು. ಅದನ್ನು ಕಂಡು ಅಜ್ಜಿಯಂದಿರು ಶೀಷೆಯನ್ನು ಎಸೆಯಬೇಕಾಗಿಲ್ಲ.