ಏಕಪಕ್ಷೀಯ ವಿಚಾರಣೆ: ನಷ್ಟ ರುಜುವಾತಿನ ಹೊಣೆ ವಾದಿಯದೇ

ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್‌ನ ಸಿವಿಲ್ ನ್ಯಾಯಾಲಯಗಳಲ್ಲಿ ನಷ್ಟ ಪರಿಹಾರದ ದಾವೆ ಹೂಡುವವರು, ಸಮನ್ಸ್ ಜಾರಿಯಾದ ಪ್ರತಿವಾದಿಯು ಗೈರುಹಾಜರಾದರೆ ಕೋರಿದ ಮೊತ್ತವೆಲ್ಲ ತಾನಾಗಿಯೇ ದೊರೆಯುವುದೆಂದು ಭಾವಿಸಬಾರದು. ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 9ನೇ ಆದೇಶದ 6ನೇ ನಿಯಮವು ಏಕಪಕ್ಷೀಯ ವಿಚಾರಣೆಗಷ್ಟೇ ಅವಕಾಶ ನೀಡುತ್ತದೆ. ರುಜುವಾತಿನಿಂದ ವಿನಾಯಿತಿ ನೀಡುವುದಿಲ್ಲ. ಲಿಖಿತ ಹೇಳಿಕೆ ಸಲ್ಲಿಕೆಯಾಗಿಲ್ಲವೆಂದು ಕಣ್ಣು ಮುಚ್ಚಿ ತೀರ್ಪು ನೀಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಬಲರಾಜ್ ತನೇಜಾ ಮೊಕದ್ದಮೆಯಲ್ಲಿ ಎಚ್ಚರಿಸಿದೆ.

ಉದಾಹರಣೆಗೆ, ಗುಬ್ಬಿಯ ಬೆಳೆಗಾರರಿಂದ ಕೊಬ್ಬರಿ ಕೊಳ್ಳಲು ಒಪ್ಪಿದ ವರ್ತಕರು ಅದನ್ನು ನಿರಾಕರಿಸಿದಲ್ಲಿ, ಒಪ್ಪಿದ ದರಕ್ಕೂ ಕರಾರು ಭಂಗವಾದ ದಿನದ ಮಾರುಕಟ್ಟೆ ದರಕ್ಕೂ ಇರುವ ವ್ಯತ್ಯಾಸವೇ ಸಾಮಾನ್ಯವಾಗಿ ನಷ್ಟದ ಅಳತೆ. ಕರಾರು ಪತ್ರ, ತೂಕದ ಚೀಟಿ, ಆ ದಿನದ ಎ.ಪಿ.ಎಂ.ಸಿ. ದರದ ದಾಖಲೆ ಇವುಗಳನ್ನು ಸಾಕ್ಷ್ಯದ ಪ್ರಮಾಣಪತ್ರದೊಡನೆ ಹಾಜರುಪಡಿಸುವುದು ಅಗತ್ಯ. ಬಾಯಿಮಾತಿನ ದುಂಡು ಮೊತ್ತ ನಿಲ್ಲುವುದು ಕಷ್ಟ.

ಡಿಕ್ರಿಯ ರದ್ದತಿ ಕೋರಲು ಪ್ರತಿವಾದಿಗೆ 30 ದಿನಗಳ ಅವಧಿಯಿದೆ; ಸಮನ್ಸ್ ಕ್ರಮಬದ್ಧವಾಗಿ ಜಾರಿಯಾಗಿರದಿದ್ದರೆ ಈ ಅವಧಿಯು ಡಿಕ್ರಿಯ ವಿಷಯ ತಿಳಿದ ದಿನದಿಂದ ಆರಂಭವಾಗುತ್ತದೆ.