ತಲೆಗೆ ಹತ್ತದ ವಿದ್ಯೆ

“ಹಳಗನ್ನಡ ನನ್ನ ತಲೆಗೆ ಹತ್ತುವುದಿಲ್ಲ ಸಾರ್, ಅದಕ್ಕೆ ಬೇರೆ ತಲೆಯೇ ಬೇಕು.” ಯಲಹಂಕದ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಹೀಗೆಂದಾಗ ನನಗೆ ಕೋಪ ಬರಲಿಲ್ಲ, ನಾಚಿಕೆಯಾಯಿತು. ಆರು ವರ್ಷಗಳ ಹಿಂದೆ ಇದೇ ಮಾತನ್ನಾಡಿದ ಹುಡುಗನೊಬ್ಬನಿಗೆ, “ಹಾಗಾದರೆ ಸುಲಭವಾದುದನ್ನು ಆರಿಸಿಕೊಳ್ಳಪ್ಪ” ಎಂದವನು ನಾನೇ. ದಯೆಯಿಂದ ಹೇಳಿದೆನೆಂದೇ ಭಾವಿಸಿದ್ದೆ. ಮರುವಾರದಿಂದ ಆತ ನನ್ನ ತರಗತಿಗೆ ಬರಲಿಲ್ಲ.

ನಮ್ಮ ಜನಕ್ಕೆ ‘ಹಣೆಬರಹ’ವೆಂಬ ಮಾತು ಬಹು ಪ್ರಿಯ. ಬುದ್ಧಿಯೂ ಅಲ್ಲಿಯೇ ಬರೆದಿದೆಯೆಂದು ನಂಬುತ್ತೇವೆ. ನಂಬಿ, ಇಂಥ ಕುಲದವನಿಗೆ ಶಾಸ್ತ್ರ, ಇಂಥ ಮನೆಯವಳಿಗೆ ಸೌಟು ಎಂದು ಹಂಚಿಯೂ ಬಿಡುತ್ತೇವೆ. ಆದರೆ ‘ಹಾಡುತ್ತ ಹಾಡುತ್ತ ರಾಗ’ ಎಂದವರೂ ನಮ್ಮವರೇ. ಈ ಎರಡರಲ್ಲಿ ಯಾವುದನ್ನು ಮಕ್ಕಳ ಕಿವಿಯಲ್ಲಿ ಉಸುರುತ್ತೇವೆಂಬುದು ಸಣ್ಣ ಸಂಗತಿಯಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಐದನೆಯ ತರಗತಿಯ ಕೆಲವು ಮಕ್ಕಳನ್ನು “ನೀನು ಜಾಣ” ಎಂದೂ, ಕೆಲವರನ್ನು “ಚೆನ್ನಾಗಿ ಶ್ರಮಿಸಿದೆ” ಎಂದೂ ಹೊಗಳಲಾಯಿತು. ಬಳಿಕ ಕಠಿನವಾದ ಪ್ರಶ್ನೆಗಳಲ್ಲಿ ಎಲ್ಲರೂ ಎಡವಿದರು. ಜಾಣರೆನಿಸಿಕೊಂಡವರು ಬೇಗನೆ ಉತ್ಸಾಹ ಕಳೆದುಕೊಂಡರು; ಶ್ರಮಕ್ಕೆ ಹೊಗಳಿಸಿಕೊಂಡವರು ಮತ್ತೆ ಯತ್ನಿಸಿದರು. ಹೊಗಳಿಕೆಯೂ ಸಂಕೋಲೆಯಾಗಬಲ್ಲದು!

ಫರ್ಡಿನಾಂಡ್ ಕಿಟ್ಟೆಲ್ಲರು 1853ರಲ್ಲಿ ಇಲ್ಲಿಗೆ ಬಂದಾಗ ಕನ್ನಡವು ಅವರ ಹುಟ್ಟುನುಡಿಯಾಗಿರಲಿಲ್ಲ. ಅವರ ಮಹಾನಿಘಂಟು ಅಚ್ಚಾದುದು 1894ರಲ್ಲಿ. ನಾವು ಅವರ ಪ್ರತಿಭೆಯನ್ನು ಕೊಂಡಾಡುತ್ತೇವೆ, ಸರಿ. ಆದರೆ ನಡುವಣ 41 ವರ್ಷಗಳನ್ನು ವಿದ್ಯಾರ್ಥಿಗಳಿಗೆ ಹೇಳಲು ಮರೆಯುತ್ತೇವೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾದೀತು. 2019ರಲ್ಲಿ ಪ್ರಕಟವಾದ, ಅಮೆರಿಕದ ಸುಮಾರು 12,000 ವಿದ್ಯಾರ್ಥಿಗಳ ಅಧ್ಯಯನವೊಂದರಲ್ಲಿ ‘ಬುದ್ಧಿ ಬೆಳೆಯಬಲ್ಲದು’ ಎಂಬ ಅಲ್ಪಕಾಲದ ಪಾಠದಿಂದ ಹಿಂದುಳಿದವರ ಅಂಕಗಳು ಏರಿದುದು ನಿಜ, ಏರಿದುದು ಸ್ವಲ್ಪವೇ. ಬೆಳಗಿನ ಐದಕ್ಕೆದ್ದು ಮನೆಗೆಲಸ ಮುಗಿಸಿ, ಎರಡು ಬಸ್ಸು ಬದಲಿಸಿ ಬರುವ ಹುಡುಗಿಗೆ ಶ್ರಮದ ಉಪದೇಶ ಮಾಡಲು ನಾನು ಯಾರು? ಆಕೆಗೆ ಕೊರತೆಯಿರುವುದು ಶ್ರಮದಲ್ಲಲ್ಲ, ಬಿಡುವಿನಲ್ಲಿ, ತಾಳ್ಮೆಯಿಂದ ಕಲಿಸುವವರಲ್ಲಿ. ಸೋತವರನ್ನೆಲ್ಲ ಸೋಮಾರಿಗಳೆನ್ನುವುದು ಹಣೆಬರಹದ ವಾದಕ್ಕಿಂತ ಕಡಮೆ ಕ್ರೂರವಲ್ಲ.

ಕಳೆದ ತಿಂಗಳು ತರಗತಿಯವರನ್ನು ಹೆಬ್ಬಾಳಕ್ಕೆ ಕರೆದೊಯ್ದೆ. 2018ರಲ್ಲಿ ಅಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಮೊದಲು ಆ ಹುಡುಗಿಗೆ ಅಲ್ಲಿ ಕಂಡುದು ಬರಿಯ ಗೀರುಗಳು. ಅಕ್ಷರಗಳ ರೂಪವನ್ನು ಹಾಳೆಯ ಮೇಲೆ ಒಂದೊಂದಾಗಿ ಬರೆದು ತೋರಿಸಿದೆ. ಒಂದು ಗಂಟೆಯಲ್ಲಿ ಆಕೆ ಆರು ಅಕ್ಷರಗಳನ್ನು ತಾನೇ ಗುರುತಿಸಿದಳು. ಹೆಚ್ಚೇನಲ್ಲ. ಆದರೆ ಹಿಂದಿರುಗುವಾಗ, “ಉಳಿದವನ್ನು ಯಾವಾಗ ಹೇಳಿಕೊಡುತ್ತೀರಿ ಸಾರ್?” ಎಂದು ಕೇಳಿದಳು.

ಆರು ವರ್ಷಗಳ ಹಿಂದಿನ ಆ ಹುಡುಗನಿಗೆ ನಾನು ಈ ಒಂದು ಗಂಟೆಯನ್ನು ಕೊಟ್ಟಿರಲಿಲ್ಲ. ಅಧ್ಯಾಪಕ ಬಂಧುಗಳೆ, ಯಾರ ತಲೆಗೆ ಏನು ಹತ್ತುವುದಿಲ್ಲವೆಂದು ತೀರ್ಪು ಕೊಡುವ ಮುನ್ನ, ಹತ್ತಲು ನಾವು ಏಣಿಯನ್ನು ಇಟ್ಟಿದ್ದೇವೆಯೆ ಎಂದು ನೋಡಿಕೊಳ್ಳೋಣ.